ಫ್ಯಾಮಿಲಿ ಲಿಂಕ್ ಆ್ಯಪ್: ಹೈಸ್ಕೂಲ್ ಮಕ್ಕಳಿರುವ ಮನೆಗೆ ಬೇಕಾ, ಬೇಡ್ವಾ?

ಗೂಗಲ್‌ನವರ ಫ್ಯಾಮಿಲಿ ಲಿಂಕ್ ಬಗ್ಗೆ ಬರೆಯುವವರು ಹೆಚ್ಚಾಗಿ ಆರೇಳು ವರ್ಷದ ಮಕ್ಕಳನ್ನು ತಲೆಯಲ್ಲಿಟ್ಟುಕೊಂಡೇ ಬರೆಯುತ್ತಾರೆ. ಕಾರ್ಟೂನ್ ನೋಡುವ ಮಗುವಿನ ಕೈಯಿಂದ ಫೋನ್ ಬಿಡಿಸೋದು ಒಂದು ಕೆಲಸ. ಹತ್ತನೇ ಕ್ಲಾಸಿನ ಮಗಳ ಜೊತೆ ಅದೇ ಆ್ಯಪ್ ಇಟ್ಟುಕೊಂಡು ಸಂಸಾರ ಮಾಡೋದು ಬೇರೆಯೇ ಕೆಲಸ. ನಮ್ಮ ಮನೆಯಲ್ಲಿ ನಡೀತಿರೋದು ಎರಡನೆಯದು. ಹಾಗಾಗಿ ಈ ರಿವ್ಯೂ ಹೈಸ್ಕೂಲು, ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರಿಗೆ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಆ್ಯಪ್ ಉಚಿತ. 2017ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ನಮ್ಮ ಫೋನಿನಲ್ಲಿ ಕೂತು ಮಕ್ಕಳ ಫೋನಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಲಿಮಿಟ್ ಹಾಕಬಹುದು, ರಾತ್ರಿ ಇಂಥ ಹೊತ್ತಿಗೆ ಬಂದ್ ಆಗಲಿ ಅನ್ನಬಹುದು, ಒಂದೊಂದು ಆ್ಯಪ್‌ಗೂ ಬೇರೆ ಬೇರೆ ನಿಮಿಷ ಕೊಡಬಹುದು. ಪ್ಲೇ ಸ್ಟೋರ್‌ನಿಂದ ಹೊಸದೇನಾದರೂ ಹಾಕಿಕೊಳ್ಳಲು ನಮ್ಮ ಒಪ್ಪಿಗೆ ಬೇಕು ಅಂತಲೂ ಇಡಬಹುದು. ಫೋನ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ಕಾಣುತ್ತದೆ. ಆದರೆ ಮೆಸೇಜ್ ಓದೋಕೆ ಆಗಲ್ಲ, ಕಾಲ್ ಕದ್ದು ಕೇಳೋಕೆ ಆಗಲ್ಲ, ಅವರ ಸ್ಕ್ರೀನಿನಲ್ಲಿ ಏನು ಓಡ್ತಿದೆ ಅಂತ ನೋಡೋಕೂ ಆಗಲ್ಲ. ಇದನ್ನೇ ಕೊರತೆ ಅನ್ನುವವರಿದ್ದಾರೆ. ನನಗೆ ಇದರಲ್ಲಿ ಅತ್ಯಂತ ಇಷ್ಟವಾದದ್ದೇ ಅದು.

ಇನ್ನೊಂದು ವಿಷಯ. ಕದ್ದು ಹಾಕೋಕೆ ಆಗಲ್ಲ. ಹದಿಮೂರು ದಾಟಿದ ಮಕ್ಕಳು ಆಗಲೇ ಬಳಸುತ್ತಿರುವ ಅಕೌಂಟಿಗೆ ಇದನ್ನು ಜೋಡಿಸಬೇಕಾದರೆ ಅವರೇ ಪಾಸ್‌ವರ್ಡ್ ಹಾಕಿ ಒಪ್ಪಬೇಕು. ಅಂದ್ರೆ ಹದಿನೈದು ವರ್ಷದವಳ ಮುಂದೆ ಕೂತು, "ನೋಡು ಪುಟ್ಟಾ, ಹೀಗೊಂದಿದೆ, ಹಾಕೋಣ್ವಾ?" ಅಂತ ಕೇಳಲೇಬೇಕು. ಆ್ಯಪಿನ ಅರ್ಧ ಉಪಯೋಗ ಈ ಕೇಳುವುದರಲ್ಲೇ ಮುಗಿಯಿತು ಅನ್ನಿ.

ನಮ್ಮ ಮನೆಯಲ್ಲಿ ಭಾನುವಾರ ತಿಂಡಿ ಆದ ಮೇಲೆ ಕೂತೆವು. ಮಗಳು ಗಣಿತದ ರಫ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ತನ್ನ ಷರತ್ತು ಬರೆದುಕೊಂಡೇ ಬಂದಿದ್ದಳು. ರಾತ್ರಿ ಹತ್ತೂವರೆಗೆ ಮುಂಚೆ ಫೋನ್ ಬಂದ್ ಆಗಬಾರದು. ಪರೀಕ್ಷೆ ಮುಗಿದ ದಿನ ಲಿಮಿಟ್ ಇರಬಾರದು. ಊಟದ ಹೊತ್ತಿಗೆ ಅಪ್ಪನ ಫೋನೂ ಶೋಕೇಸ್ ಮೇಲೆ. ಮೂರನೆಯದಕ್ಕೆ ನಮ್ಮ ಮನೆಯವರು ಗೊಣಗಿಕೊಂಡೇ ಒಪ್ಪಿದರು. ಜಗಳ ಬಂದದ್ದು ಮೊದಲನೆಯದಕ್ಕೆ. "ಒಂಬತ್ತೂವರೆ ಮೇಲೆ ವಾಟ್ಸಾಪ್‌ನಲ್ಲಿ ಏನಮ್ಮಾ ಕೆಲಸ ನಿಂಗೆ?" ಅಂತ ಅವರು. ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು ಆಮೇಲೆ ಹೇಳಿದಳು: ಅವಳ ಗೆಳತಿಗೆ ಸ್ವಂತ ಫೋನ್ ಇಲ್ಲ, ಅವರಮ್ಮ ಫೋನಿನಲ್ಲಿ ಸೀರಿಯಲ್ ನೋಡಿ ಮುಗಿಸಿ ಆ ಹುಡುಗಿಯ ಕೈಗೆ ಕೊಡೋದೇ ಒಂಬತ್ತೂವರೆಗೆ, ಆಮೇಲೆ ಇಬ್ಬರೂ ಮಾರನೇ ದಿನದ ಲೆಕ್ಕ, ನೋಟ್ಸು ಅಂತ ಫೋಟೋ ಕಳಿಸಿಕೊಳ್ಳುತ್ತಾರಂತೆ. ನಮಗಿದು ಗೊತ್ತೇ ಇರಲಿಲ್ಲ. ರಾತ್ರಿ ಚಾಟ್ ಅಂದ ಕೂಡಲೇ ದೊಡ್ಡವರ ತಲೆ ಎಲ್ಲೆಲ್ಲೋ ಓಡುತ್ತೆ, ಅಲ್ವಾ? ಹತ್ತೂವರೆ ಅಂತಲೇ ಆಯಿತು.

ಲಿಮಿಟ್ ಕೆಲಸ ಮಾಡುವ ರೀತಿ ಚೆನ್ನಾಗಿದೆ. ಟೈಮ್ ಮುಗಿಯುವ ಮೊದಲೇ ಮಕ್ಕಳ ಫೋನಿಗೆ ನೋಟಿಫಿಕೇಶನ್ ಬರುತ್ತದೆ. "ಸಾಕು, ಇಡು ಕೆಳಗೆ" ಅಂತ ಅಡುಗೆಮನೆಯಿಂದ ಕೂಗುವ ಕೆಲಸ ನನಗೆ ತಪ್ಪಿತು. ಕೋಪ ಬಂದರೂ ಅದು ಫೋನಿನ ಮೇಲೆ, ನನ್ನ ಮೇಲಲ್ಲ! ಬೋನಸ್ ಟೈಮ್ ಅಂತ ಒಂದಿದೆ, ಅವತ್ತಿನ ಮಟ್ಟಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋದು. ಇದನ್ನು ದಯವಿಟ್ಟು ಮಾರ್ಕ್ಸಿಗೆ ಕಟ್ಟಬೇಡಿ. ಅದರ ಬದಲು "ಇವತ್ತು ಯಾಕೆ ಬೇಕು?" ಅಂತ ಕೇಳಿ, ಹೇಳಿದರೆ ಕೊಟ್ಟುಬಿಡಿ. ಮಕ್ಕಳು ಕಾರಣ ಹೇಳುವ ಅಭ್ಯಾಸ ಮಾಡಿಕೊಳ್ಳೋದು ಅಲ್ಲೇ.

ನನಗೆ ಹಿಡಿಸದ್ದು ಲೊಕೇಶನ್. ಹಾಳಾಗಿದೆ ಅಂತಲ್ಲ, ಚೆನ್ನಾಗಿಯೇ ತೋರಿಸುತ್ತದೆ, ಕಷ್ಟ ಇರೋದೇ ಅಲ್ಲಿ. ಟ್ಯೂಶನ್ ಬಿಟ್ಟ ಮೇಲೆ ಅವಳು ಬೇಕರಿ ಹತ್ತಿರ ಇರೋದು ಅವರಪ್ಪನಿಗೆ ಮ್ಯಾಪಿನಲ್ಲಿ ಕಂಡಿತ್ತು. ಮನೆಗೆ ಬಂದವಳನ್ನು, "ಎಲ್ಲಿದ್ದೆ ಇಷ್ಟು ಹೊತ್ತು?" ಅಂದರು. ಅವಳು ಶೂ ಬಿಚ್ಚುತ್ತಾ, ತಲೆ ಎತ್ತದೆ, "ನಿಮ್ಗೆ ಗೊತ್ತಿದ್ಯಲ್ಲಪ್ಪಾ, ಯಾಕ್ ಕೇಳ್ತೀರಾ?" ಅಂದಳು. ಉತ್ತರ ಗೊತ್ತಿಟ್ಟುಕೊಂಡು ಕೇಳೋದು ಪರೀಕ್ಷೆ, ಮಾತುಕತೆ ಅಲ್ಲ. ಮಕ್ಕಳಿಗೆ ಅದು ಥಟ್ ಅಂತ ಗೊತ್ತಾಗುತ್ತದೆ. ಮ್ಯಾಪ್ ನೋಡುವ ಮನೆಯಲ್ಲಿ ಮಕ್ಕಳು "ಬೇಕರಿಗೆ ಹೋಗಿದ್ದೆ, ಪಫ್ಸ್ ತಿಂದೆ, ಅವಳ ಜೊತೆ ಮಾತು ಬಿಟ್ಟಿದ್ದೆ, ಮತ್ತೆ ಸರಿ ಹೋದ್ವಿ" ಅಂತ ತಾವಾಗೇ ಹೇಳುವ ಸಂದರ್ಭವೇ ಹೋಗಿಬಿಡುತ್ತದೆ. ನಮಗೆ ಸಿಗೋದು ಬೇಕರಿ ಒಂದೇ, ಕಥೆ ಸಿಗಲ್ಲ. ಈಗ ಎಂಟು ಗಂಟೆಯಾದರೂ ಮನೆ ಸೇರದೆ, ಕಾಲ್ ಕೂಡ ಎತ್ತದಿದ್ದರೆ ಮಾತ್ರ ಮ್ಯಾಪ್ ನೋಡೋದು ಅಂತ ಮಾತಾಗಿದೆ.

ಯಾವ ಆ್ಯಪ್ ಎಷ್ಟು ಹೊತ್ತು ನೋಡಿದರು ಅನ್ನುವ ರಿಪೋರ್ಟಿಗೂ ಇದೇ ಮಾತು. ಎರಡು ಗಂಟೆ ಯೂಟ್ಯೂಬ್ ಅಂತ ಇರುತ್ತದೆ, ಅದು ಕೆಮಿಸ್ಟ್ರಿ ಪಾಠವೋ ರೀಲ್ಸ್ ಥರದ್ದೋ ಅದರಲ್ಲಿ ಗೊತ್ತಾಗಲ್ಲ. ಅಪ್ಪ ಅಮ್ಮ ಒಬ್ಬರೇ ಕೂತು ನೋಡೋದಾದರೆ ಅದು ಬರೀ ಜಗಳಕ್ಕೆ ಸರಕು. ಮಗಳ ಜೊತೆ ಕೂತು ನೋಡಿದರೆ ಅವಳೇ "ಅಯ್ಯೋ, ಇಷ್ಟೊಂದಾ?" ಅಂತಾಳೆ.

ಲಾಕ್ ಆದ ಕೂಡಲೇ ಕಿರುಚಾಟ, ಊಟ ನಿದ್ದೆ ಬಿಡೋದು, ಸ್ಕೂಲಿಗೆ ಹೋಗಲ್ಲ ಅನ್ನೋದು, ಇಷ್ಟರಮಟ್ಟಿಗೆ ಹೋಗಿದ್ದರೆ ಆ್ಯಪ್ ನಂಬಿಕೊಂಡು ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸ್ಟಾರ್ ಕೊಡಲೇಬೇಕು ಅಂದ್ರೆ ಟೈಮ್ ಲಿಮಿಟ್‌ಗೆ ನಾಲ್ಕೂವರೆ, ಲೊಕೇಶನ್‌ಗೆ ಎರಡು. ಹಾಕುವ ಮೊದಲು ಒಂದು ನೋಡಿಕೊಳ್ಳಿ: ಮಕ್ಕಳದು ಆಂಡ್ರಾಯ್ಡ್ ಫೋನ್ ಆಗಿರಬೇಕು. ನಿಮ್ಮದು ಐಫೋನ್ ಆದರೂ ನಡೆಯುತ್ತದೆ, ಅವರದು ಐಫೋನ್ ಆದರೆ ಈ ಟೈಮ್ ಲಿಮಿಟ್ ನಡೆಯಲ್ಲ, ಅದಕ್ಕೆ ಆಪಲ್‌ನವರದೇ ಸ್ಕ್ರೀನ್ ಟೈಮ್ ಇದೆ.