ಕಲಬುರಗಿ ಬಿಸಿಲಿನಲ್ಲಿ ನಾಕ್ಟುವಾ ಎನ್‌ಎಚ್-ಯು12ಎಸ್: ಹಲವು ಬೇಸಿಗೆ ಕಳೆದ ಮೇಲೆ

2021ರಿಂದ ನನ್ನ ಕಂಪ್ಯೂಟರ್‌ನ ರೈಜನ್ 7 5800ಎಕ್ಸ್ ಪ್ರೊಸೆಸರ್ ಮೇಲೆ, ಅದನ್ನು ತಣ್ಣಗಿಡಲು, ನಾಕ್ಟುವಾ ಕಂಪನಿಯ ಇದೇ ಕೂಲರ್ ಕೂತಿದೆ. ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಸೀಸನ್ ಬಂತೆಂದರೆ ರಾತ್ರಿಯಿಡೀ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಕಂಪ್ಯೂಟರ್ ಅಂತಿಮ ಫೈಲ್ ಮಾಡುವ ಕೆಲಸ) ಓಡುತ್ತಿರುತ್ತದೆ. ಆ ಸೀಸನ್ ಬರುವುದೂ ಏಪ್ರಿಲ್-ಮೇನಲ್ಲಿ, ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಹೊತ್ತಿಗೆ. ಇಷ್ಟು ವರ್ಷ ದುಡಿಸಿಕೊಂಡ ಮೇಲೂ ಇದರ ಹೀಟ್‌ಪೈಪ್‌ಗಳು ಮೊದಲ ದಿನದ ಹಾಗೇ ಕೆಲಸ ಮಾಡುತ್ತಿವೆ. ಟೆಂಪರೇಚರ್ ಏರಿದಾಗಲೆಲ್ಲ ಕಾರಣ ಬೇರೆ ಕಡೆ ಸಿಕ್ಕಿದೆ: ಧೂಳು, ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಪೇಸ್ಟ್, ಇಲ್ಲವೇ ಕೋಣೆಯ ಗಾಳಿ.

ಪೈಪ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ಗೊತ್ತಿದ್ದರೆ ಕೂಲರ್ ಕೊಳ್ಳುವಾಗ ಸುಮ್ನೆ ದುಡ್ಡು ಕಳೆಯುವುದು ತಪ್ಪುತ್ತದೆ.

ಹೀಟ್‌ಪೈಪ್ ಅಂದರೆ ಎರಡೂ ತುದಿ ಮುಚ್ಚಿದ ಟೊಳ್ಳು ತಾಮ್ರದ ಕೊಳವೆ. ಒಳಗಿನ ಗಾಳಿಯನ್ನು ಪೂರ್ತಿ ಹೊರತೆಗೆದು ಕೆಲವು ಹನಿಗಳಷ್ಟು ನೀರು ಬಿಟ್ಟಿರುತ್ತಾರೆ. ಗಾಳಿಯ ಒತ್ತಡವೇ ಇಲ್ಲದ ಕಾರಣ ಆ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ. 40-50 ಡಿಗ್ರಿಯಲ್ಲೇ ಆವಿಯಾಗುತ್ತದೆ. ಆವಿ ತಣ್ಣಗಿರುವ ತುದಿಗೆ ನುಗ್ಗುತ್ತದೆ. ಅಲ್ಲಿ ಅಲ್ಯೂಮಿನಿಯಂ ಫಿನ್‌ಗಳಿಗೆ (ತೆಳು ತಗಡುಗಳಿಗೆ) ಶಾಖ ಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಗೆ ಸಣ್ಣ ರಂಧ್ರಗಳಿರುವ ತಾಮ್ರದ ಪುಡಿಯ ಪದರವೋ ಗೀರುಗಳೋ ಇರುತ್ತವೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಅದು ನೀರನ್ನು ಪ್ರೊಸೆಸರ್ ಕಡೆಗೆ ವಾಪಸ್ ಎಳೆಯುತ್ತದೆ. ಪಂಪ್ ಇಲ್ಲ, ಕರೆಂಟ್ ಬೇಡ, ಸವೆಯುವ ಭಾಗವೂ ಇಲ್ಲ.

ಇಷ್ಟು ಕಡಿಮೆ ನೀರಿನಿಂದ ಏನಾಗುತ್ತೆ ಅನ್ನಿಸಬಹುದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಲು 2,300 ಜೂಲ್‌ಗಿಂತ ಜಾಸ್ತಿ ಹೀರುತ್ತದೆ. ಇದೇ ನೀರು ಸುತ್ತಿ ಸುತ್ತಿ ಬರುತ್ತಿರುತ್ತದೆ. ಈಗ ಟೊಳ್ಳು ಕೊಳವೆಯ ಬದಲು 6 ಮಿ.ಮೀ ದಪ್ಪದ ಗಟ್ಟಿ ತಾಮ್ರದ ಸರಳು ಹಾಕಿದೆವು ಅಂತಿಟ್ಟುಕೊಳ್ಳಿ. ಅದರಲ್ಲಿ 20 ವ್ಯಾಟ್ ಶಾಖ 15 ಸೆಂ.ಮೀ ದಾಟಬೇಕಾದರೆ ಎರಡು ತುದಿಗಳ ನಡುವೆ 250 ಡಿಗ್ರಿಗೂ ಜಾಸ್ತಿ ವ್ಯತ್ಯಾಸ ಬೇಕಾಗುತ್ತದೆ. ಹೀಟ್‌ಪೈಪ್‌ಗೆ ಕೆಲವೇ ಡಿಗ್ರಿ ಸಾಕು. ನನಗೆ ಇವತ್ತಿಗೂ ಇದು ಸೋಜಿಗವೇ.

ಈ ವಿದ್ಯೆ ಹೊಸದೇನಲ್ಲ. ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ 1940ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. ಆಗ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ತಾವಾಗಿಯೇ ಇದನ್ನು ಮತ್ತೆ ಕಂಡುಕೊಂಡರು. ಬಾಹ್ಯಾಕಾಶ ನೌಕೆಗಳಿಗೆ ಮೊದಲು ಹೋಗಿ, ಆಮೇಲೆ ನಮ್ಮ ಮೇಜಿಗೆ ಬಂತು.

ಇನ್ನು ಬೇಸಿಗೆ ವಿಚಾರ. ಯು12ಎಸ್‌ನಲ್ಲಿ ಐದು ಹೀಟ್‌ಪೈಪ್, ಒಂದು 120 ಮಿ.ಮೀ ಫ್ಯಾನ್. ಚಳಿಗಾಲದಲ್ಲಿ ರೆಂಡರ್ ಮಾಡುವಾಗ 80ರ ಆಸುಪಾಸಿನಲ್ಲಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ 90 ಮುಟ್ಟಿಬಿಡುತ್ತದೆ. 5800ಎಕ್ಸ್‌ಗೆ ಅದೇ ಮಿತಿ. ಅಲ್ಲಿಂದ ಮುಂದೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಕೂಲರನ್ನು ಬೈದರೆ ತಪ್ಪಾಗುತ್ತದೆ. ಕೋಣೆ 10 ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಯಾವ ಹೀಟ್‌ಪೈಪೂ ಶಾಖವನ್ನು ನುಂಗುವುದಿಲ್ಲ, ಫಿನ್‌ವರೆಗೆ ಸಾಗಿಸುತ್ತದೆ ಅಷ್ಟೇ. ಜೊತೆಗೆ ಈ ಪ್ರೊಸೆಸರ್‌ನ ಎಂಟೂ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಸುಮಾರು 80 ಚದರ ಮಿ.ಮೀ ಚಿಪ್‌ನಲ್ಲಿ ಒತ್ತೊತ್ತಾಗಿ ಕೂತಿವೆ. ಅಲ್ಲಿಂದ ಶಾಖ ಹೊರಬಂದು ಪೈಪ್ ಮುಟ್ಟುವುದೇ ಕಷ್ಟದ ದಾರಿ.

ನನಗೆ ಪರಿಹಾರ ಸಿಕ್ಕಿದ್ದು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್‌ನಲ್ಲಿ. ಕಡಿಮೆ ಕರೆಂಟ್ ಬಳಸುವ ಇಕೋ ಮೋಡ್ 65 ವ್ಯಾಟ್‌ಗೆ ಇಟ್ಟರೆ (65 ಅನ್ನುವುದು ಆ ಸೆಟ್ಟಿಂಗ್‌ನ ಹೆಸರಷ್ಟೇ) ಪ್ರೊಸೆಸರ್ 142ರ ಬದಲು 88 ವ್ಯಾಟ್‌ವರೆಗೆ ಮಾತ್ರ ಎಳೆಯುತ್ತದೆ. ರೆಂಡರ್ ಸ್ವಲ್ಪ ನಿಧಾನ, ಆದರೆ ಟೆಂಪರೇಚರ್ 70ರ ಸುತ್ತಮುತ್ತ ನಿಲ್ಲುತ್ತದೆ, ಫ್ಯಾನ್ ಸದ್ದೂ ಇಲ್ಲ. ಮಾರ್ಚ್ ಬಂದರೆ ಇಕೋ ಮೋಡ್ ಹಾಕಿಬಿಡುತ್ತೇನೆ, ಮಳೆ ಹಿಡಿದ ಮೇಲೆ ತೆಗೆಯುತ್ತೇನೆ. ಬಿಸಿಲೂರಿನವರು ದೊಡ್ಡ ಕೂಲರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ನಿರ್ವಹಣೆ ಜಾಸ್ತಿ ಏನಿಲ್ಲ. ನಮ್ಮೂರ ಧೂಳಿಗೆ ಫಿನ್‌ಗಳ ನಡುವೆ ಬೂದು ಪದರ ಕಟ್ಟುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗಬಹುದು. ಪೇಸ್ಟ್ ಬದಲಿಸಲು ಎಎಂ4 (ನನ್ನ ಪ್ರೊಸೆಸರ್ ಕೂರುವ ಸಾಕೆಟ್ ಮಾದರಿ) ಬೋರ್ಡ್‌ನಿಂದ ಕೂಲರ್ ತೆಗೆಯುವಾಗ ಇನ್ನೂ ಹುಷಾರಾಗಿರಬೇಕು. ಮೊದಲು ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಆಚೀಚೆ ಸ್ವಲ್ಪ ತಿರುಗಿಸಿ ಬಿಡಿಸಿ. ನೇರ ಮೇಲಕ್ಕೆ ಕಿತ್ತರೆ ಪ್ರೊಸೆಸರ್ ಸಾಕೆಟ್‌ನಿಂದಲೇ ಎದ್ದು ಬಂದು ಪಿನ್ ಬಗ್ಗಬಹುದು. ಪೈಪ್‌ಗಳನ್ನು ಮಾತ್ರ ಬಗ್ಗಿಸಬೇಡಿ, ಜಜ್ಜಬೇಡಿ. ಆವಿಯ ದಾರಿ ಮುಚ್ಚಿದರೆ ಆ ಪೈಪ್ ಸತ್ತ ಹಾಗೆ. “ಪೈಪಿನ ಗ್ಯಾಸ್ ಮುಗಿದಿದೆ, ತುಂಬಿಸಬೇಕು” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ತುಂಬಿಸುವುದು ಏನೂ ಇಲ್ಲ.

ಎಲ್ಲರಿಗೂ ಇದೇ ಬೇಕಾ? ಬೇಡ. 65 ವ್ಯಾಟ್‌ನ ಪ್ರೊಸೆಸರ್‌ಗೆ ನಾಲ್ಕು ಪೈಪ್‌ನ ಕಡಿಮೆ ಬೆಲೆಯ ಟವರ್ ಕೂಲರ್ ಧಾರಾಳ ಸಾಕು. ಬರೀ ಪೈಪ್ ಎಣಿಸಿ ಕೊಳ್ಳಬೇಡಿ, ಫಿನ್ ಎಷ್ಟು ಅಗಲವಿದೆ, ಫ್ಯಾನ್ ಹೇಗಿದೆ ನೋಡಿ. ಯು12ಎಸ್ 158 ಮಿ.ಮೀ ಎತ್ತರವಿದೆ. ಕ್ಯಾಬಿನೆಟ್ ಅಳತೆ ಮೊದಲು ನೋಡಿಕೊಳ್ಳಿ. ಬೆಲೆ ಜಾಸ್ತಿ, ನಿಜ. ಆದರೆ ಆರು ವರ್ಷದ ವಾರಂಟಿ ಇದೆ. ಎಎಂ4ಗೆ ಹಾಕಿದ ಇದರ ಕ್ಲಾಂಪ್ ಅದರ ನಂತರದ ಸಾಕೆಟ್ ಎಎಂ5 ಬೋರ್ಡ್‌ಗೂ ಕೂರುತ್ತದೆ. ಮುಂದಿನ ಪ್ರೊಸೆಸರ್‌ಗೆ ನಾನು ಕೊಳ್ಳುವುದು ಒಂದು ಪೇಸ್ಟ್ ಟ್ಯೂಬ್ ಮಾತ್ರ.