ಆಕ್ಟೇವಿಯಾ ಆರ್‌ಎಸ್‌ನಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4: ಹುಬ್ಬಳ್ಳಿ ರಸ್ತೆಗಳಲ್ಲಿ ಎರಡು ವರ್ಷದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಟೈರ್ ಚೆನ್ನಾಗಿದೆ. ಮುಂದಿನ ಸಲವೂ ಇದನ್ನೇ ಹಾಕಿಸುತ್ತೇನೆ. ಆದರೆ ಇದು ಎಷ್ಟು ದಿನ ಬಾಳುತ್ತದೆ ಅನ್ನೋದು ಅಲೈನ್‌ಮೆಂಟ್, ಅಂದರೆ ಗಾಲಿಗಳು ನಿಲ್ಲುವ ಕೋನ ಸರಿ ಮಾಡುವವರ ಕೈಯಲ್ಲಿದೆ. ಅದನ್ನು ಬಿಟ್ಟು ಬರೀ ಗ್ರಿಪ್, ಸೌಂಡ್ ಅಂತ ಬರೆದರೆ ಅರ್ಧ ವಿಮರ್ಶೆ ಆಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರು. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ಎನ್‌ಎಂ ಟಾರ್ಕ್, ಎಲ್ಲಾ ಮುಂದಿನ ಎರಡು ಗಾಲಿಗೇ ಹೋಗುತ್ತದೆ. ಟೈರ್ ಸೈಜ್ 225/45 ಆರ್17. ದಿನಾ ಹುಬ್ಬಳ್ಳಿ-ಧಾರವಾಡ ಓಡಾಟ, ಆಗಾಗ ಗದಗ, ಹಾವೇರಿ, ಮಳೆಗಾಲದಲ್ಲಿ ಕಲಘಟಗಿ-ಯಲ್ಲಾಪುರ ಮೇಲೆ ಅಂಕೋಲಾ ಕಡೆ.

ಗಾಡಿ ಜೊತೆ ಬಂದಿದ್ದು ಬೇರೆ ಕಂಪನಿಯ ಟೈರ್. ಹೊರಗಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಅರವತ್ತು ದಾಟಿದರೆ ಮಾತ್ರ ಹಿಂದಿನಿಂದ ಗುಂಯ್ ಅಂತ ಸದ್ದು. ಒಂದು ಗ್ಯಾರೇಜಿನಲ್ಲಿ ವೀಲ್ ಬೇರಿಂಗ್ ಹೋಗಿದೆ, ಎರಡೂ ಬದಲಾಯಿಸಬೇಕು ಅಂದರು. ನಾನು ಅದಕ್ಕೆ ಮುಂಚೆ ಟೈರ್ ಹಿಂದೆ ಮುಂದೆ ಮಾಡಿಸಿ ನೋಡಿದೆ. ಸದ್ದು ಹಿಂದಿನಿಂದ ಮುಂದಕ್ಕೆ ಬಂತು! ಬೇರಿಂಗ್ ಸದ್ದಾಗಿದ್ದರೆ ಹಿಂದೆಯೇ ಉಳಿಯಬೇಕಿತ್ತು, ಅಲ್ವಾ? ನಿಮಗೂ ಹೀಗೆ ಸದ್ದು ಬಂದರೆ ಬೇರಿಂಗ್‌ಗೆ ದುಡ್ಡು ಕೊಡುವ ಮುಂಚೆ ಇದೊಂದು ಮಾಡಿಸಿ ನೋಡಿ.

ಗಾಡಿ ಎತ್ತಿಸಿ ಟೈರಿನ ಒಳಗಡೆ ಅಂಚಿಗೆ ಕೈ ಹಾಕಿದಾಗ ಕಾರಣ ಸಿಕ್ಕಿತು. ಒಳ ಅಂಚು ಪೂರ್ತಿ ನುಣ್ಣಗಾಗಿತ್ತು, ಹೊರ ಅಂಚಿನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಟ್ರೆಡ್ (ರಸ್ತೆಗೆ ತಾಗುವ ಗೆರೆ ಗೆರೆಯ ರಬ್ಬರ್) ಇತ್ತು. ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಡ್ಡ ಎಳೆದರೆ ಒಂದು ದಿಕ್ಕಿಗೆ ನಯವಾಗಿ ಜಾರುತ್ತದೆ, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ತಡೆಯುತ್ತದೆ. ಹೀಗಿದ್ದರೆ ತಪ್ಪು ಸಾಮಾನ್ಯವಾಗಿ ಟೋನಲ್ಲಿ, ಅಂದರೆ ಮೇಲಿಂದ ನೋಡಿದಾಗ ಗಾಲಿ ನೇರ ನಿಲ್ಲದೆ ಒಳಕ್ಕೋ ಹೊರಕ್ಕೋ ತಿರುಗಿರುತ್ತದೆ. ಹಲ್ಲಿಲ್ಲದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ನೋಡಬೇಕು, ಅಂದರೆ ಗಾಲಿಯ ತಲೆ ವಾಲಿರುವುದು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಿ.

ಅಲೈನ್‌ಮೆಂಟ್‌ಗೆ ಹೋದೆ. ಒಳ್ಳೆ 3ಡಿ ಮಷಿನ್, ಕ್ಯಾಮೆರಾ, ದೊಡ್ಡ ಸ್ಕ್ರೀನ್ ಎಲ್ಲಾ ಇತ್ತು. ಸ್ಕ್ರೀನ್‌ನಲ್ಲಿ ಹಿಂದಿನ ಎರಡೂ ಗಾಲಿ ಕೆಂಪು ತೋರಿಸುತ್ತಿತ್ತು. ಮುಂದಿನ ಟೋ ಮಾತ್ರ ಹಸಿರು ಮಾಡಿ ಬಿಲ್ ಕೊಟ್ಟರು. ಕೇಳಿದರೆ, "ಹಿಂದಿನ್ ಗಾಲಿದು ಅಡ್ಜಸ್ಟ್ ಬರಂಗಿಲ್ರೀ ಸರ. ಸ್ಟೇರಿಂಗ್ ಸೀದಾ ಐತಿ, ಗಾಡಿ ಎಲ್ಲೂ ಎಳಿಯಂಗಿಲ್ಲ, ಇನ್ನೇನ್ ಬೇಕ್ರೀ?"

ಬಹಳ ಜನ ನಂಬಿಕೊಂಡಿರುವುದು ಇದನ್ನೇ, ಮತ್ತು ಇದು ತಪ್ಪು. ಹಿಂದಿನ ಎಡ ಬಲ ಎರಡೂ ಗಾಲಿ ಸಮಸಮ ಹೊರಕ್ಕೆ ತಿರುಗಿದ್ದರೆ ಒಂದರ ಎಳೆತವನ್ನು ಇನ್ನೊಂದು ತಡೆದುಬಿಡುತ್ತದೆ. ಗಾಡಿ ನೇರ ಹೋಗುತ್ತದೆ, ಸ್ಟೇರಿಂಗ್ ನೇರ ಇರುತ್ತದೆ, ಟೈರ್ ಮಾತ್ರ ರಸ್ತೆಗೆ ಉಜ್ಜುತ್ತಾ ಸವೆಯುತ್ತದೆ. ಎಷ್ಟು ಉಜ್ಜುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಗಾಲಿ ಬರೀ 0.1 ಡಿಗ್ರಿ ತಿರುಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರ್ ಅಡ್ಡಕ್ಕೆ ಎಳೆದ ಹಾಗೆ. ಹತ್ತು ಸಾವಿರ ಕಿಲೋಮೀಟರಿಗೆ ಹದಿನೇಳು ಕಿಲೋಮೀಟರ್ ದಾಟಿತು! ಅದರ ಮೇಲೆ ಕ್ಯಾಂಬರ್ ಕಾರಣದಿಂದ ಭಾರ ಒಳ ಅಂಚಿನ ಮೇಲೆ ಜಾಸ್ತಿ ಕೂತಿರುತ್ತದೆ. ಎರಡೂ ಸೇರಿ ಅಂಚನ್ನು ತಿಂದುಹಾಕುತ್ತವೆ.

ಅಡ್ಜಸ್ಟ್ ಬರಲ್ಲ ಅನ್ನೋದು ಎಲ್ಲಾ ಗಾಡಿಗೂ ನಿಜ ಅಲ್ಲ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಗಾಲಿಗೆ ಸೇರಿ ಒಂದೇ ತೊಲೆ ಇರುವ ಗಾಡಿಗಳಿಗೆ ಆ ಮಾತು ಬಹುತೇಕ ಸರಿ. ಈ ಆರ್‌ಎಸ್‌ನ ಹಿಂದೆ ಮಲ್ಟಿಲಿಂಕ್ ಇದೆ, ಅಂದರೆ ಪ್ರತಿ ಗಾಲಿಗೂ ಬೇರೆ ಬೇರೆ ತೋಳುಗಳು. ಕ್ಯಾಂಬರ್‌ಗೆ ಬೇರೆ, ಟೋಗೆ ಬೇರೆ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ತೋಳು ಸರಿಯುವ ಬೋಲ್ಟ್) ಇವೆ. ಮುಂದೆ ಉಲ್ಟಾ, ಟೋ ಆರಾಮಾಗಿ ಸಿಗುತ್ತದೆ, ಕ್ಯಾಂಬರ್ ಮಾತ್ರ ಸಬ್‌ಫ್ರೇಮ್ (ತೋಳುಗಳು ಕೂತಿರುವ ಚೌಕಟ್ಟು) ಸ್ವಲ್ಪ ಸರಿಸಿ ಎಡ ಬಲ ಸಮ ಮಾಡುವಷ್ಟೇ.

ಆಮೇಲೆ ಗೋಕುಲ ರೋಡ್ ಕಡೆ ಒಬ್ಬ ಮಿಸ್ತ್ರಿ ಸಿಕ್ಕರು. ಅವರು ತಕ್ಷಣ ಮಷಿನ್ ಹತ್ತಿರ ಹೋಗಲಿಲ್ಲ. ಮೊದಲು ನಾಲ್ಕೂ ಟೈರಿನ ಗಾಳಿ ಸರಿ ಮಾಡಿದರು. ಗಾಲಿ ಹಿಡಿದು ಅಲ್ಲಾಡಿಸಿ ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಅನ್ನುವ ಕೀಲುಗಳನ್ನು ನೋಡಿದರು. ಮುಂದಿನ ಲೋಯರ್ ಆರ್ಮ್ (ಕೆಳಗಿನ ತೋಳು) ಕೂರುವ ರಬ್ಬರ್ ಬುಷ್ ಹರಿದಿತ್ತು. "ಇದನ್ನ ಬಿಟ್ಟು ಅಲೈನ್‌ಮೆಂಟ್ ಮಾಡಿದ್ರ ಸುಮ್ನ ರೊಕ್ಕ ಹಾಳ್ರೀ ಸರ" ಅಂದರು. ಹೊಸ ಬುಷ್ ಹಾಕಿ, ಅದರ ಬೋಲ್ಟನ್ನು ಗಾಲಿ ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡದೆ ಗಾಡಿಯ ಭಾರ ಕೂತ ಮೇಲೆ ಬಿಗಿ ಮಾಡಿದರು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಹಿಂದಿನ ಬೋಲ್ಟ್‌ಗಳು ತುಕ್ಕು ಹಿಡಿದು ಜಾಮ್ ಆಗಿದ್ದವು, ಎಣ್ಣೆ ಹೊಡೆದು ಒಂದು ರಾತ್ರಿ ಬಿಡಬೇಕಾಯಿತು. ಮಾರನೇ ದಿನ ಹಿಂದಿನದು ಮೊದಲು, ಮುಂದಿನದು ಆಮೇಲೆ. ಈ ಕ್ರಮ ಮುಖ್ಯ, ಯಾಕಂದರೆ ಗಾಡಿ ಯಾವ ದಿಕ್ಕಿಗೆ ಹೋಗಬೇಕು ಅಂತ ತೀರ್ಮಾನ ಮಾಡುವುದು ಹಿಂದಿನ ಗಾಲಿಗಳು, ಮುಂದಿನವನ್ನು ಅದಕ್ಕೆ ಹೊಂದಿಸಬೇಕು. ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಎರಡೂ ಪ್ರಿಂಟ್ ಕೊಟ್ಟರು. ಪೈಲಟ್ ಸ್ಪೋರ್ಟ್ 4 ಹಾಕಿಸಿದ್ದು ಆವತ್ತೇ.

ಈಗ ಟೈರ್ ಬಗ್ಗೆ. ಮಳೆಯಲ್ಲಿ ಇದರ ಹಿಡಿತ ನನಗೆ ಬಹಳ ಇಷ್ಟ. ಅರಬೈಲ್ ಘಾಟ್‌ನಲ್ಲಿ ಜೋರು ಮಳೆ, ರಸ್ತೆ ಮೇಲೆ ನೀರು ಹರಿಯುತ್ತಿದ್ದರೂ ಬ್ರೇಕ್ ಒತ್ತಿದರೆ ಗಾಡಿ ನೇರ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಗಾಲಿ ಹಿಡಿತ ತಪ್ಪಿ ಸ್ವಲ್ಪ ಸುಮ್ಮನೆ ತಿರುಗುತ್ತದೆ, 350 ಎನ್‌ಎಂ ಇರುವಾಗ ಅದು ಸಹಜ. ಸದ್ದು ಕಮ್ಮಿ, ಈಗಲೂ ಕಮ್ಮಿಯೇ ಇದೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂಗು ತಿರುಗುತ್ತದೆ.

ಮುಂದಿನವು ಬೇಗ ಸವೆಯುತ್ತವೆ, ಹಾಗಾಗಿ ಏಳೆಂಟು ಸಾವಿರ ಕಿಲೋಮೀಟರಿಗೊಮ್ಮೆ ಹಿಂದೆ ಮುಂದೆ ಮಾಡಿಸುತ್ತೇನೆ. ಈ ಟೈರಿಗೆ ತಿರುಗುವ ದಿಕ್ಕಿನ ಬಾಣ ಇಲ್ಲ, ಹೊರಗಡೆಯ ಮುಖ ಹೊರಗೇ ಇರಬೇಕು ಅಷ್ಟೇ. ಆದ್ದರಿಂದ ಎಡ ಬಲವೂ ಬದಲಾಯಿಸಬಹುದು. ಒಂದು ಚಿಕ್ಕ ಟ್ರೆಡ್ ಗೇಜ್ ತಗೊಂಡು ಒಳಗೆ, ನಡುವೆ, ಹೊರಗೆ ಮೂರೂ ಕಡೆ ಅಳೆಯುತ್ತೇನೆ. ಮೊನ್ನೆ ಅಳೆದಾಗ ಹಿಂದಿನವುಗಳಲ್ಲಿ ಒಳಗೂ ಹೊರಗೂ ಅರ್ಧ ಮಿಲಿಮೀಟರ್ ವ್ಯತ್ಯಾಸ ಕೂಡ ಇರಲಿಲ್ಲ. ಕ್ಯಾಂಬರ್ ಈಗಲೂ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ನೆಗೆಟಿವ್ ಇದೆ, ಅಂದರೆ ಗಾಲಿಯ ತಲೆ ಒಳಕ್ಕೆ ವಾಲಿದೆ, ಅದು ಕಂಪನಿಯವರೇ ಇಟ್ಟಿದ್ದು. ಅಂದರೆ ಹಳೇ ಟೈರ್ ತಿಂದಿದ್ದು ಮುಖ್ಯವಾಗಿ ಟೋ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಗದಗ, ನವಲಗುಂದ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ, ಅದರ ಮೇಲಿನ ರಸ್ತೆ ಅಲೆ ಅಲೆಯಾಗುತ್ತದೆ. ಗುಂಡಿ ಇಲ್ಲದಿದ್ದರೂ ಸಸ್ಪೆನ್ಷನ್ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ, ಬುಷ್‌ಗಳಿಗೆ ಪೆಟ್ಟು. ಹೀಗಾಗಿ ಈ ರೂಟಿನಲ್ಲಿ ಜಾಸ್ತಿ ಓಡಾಡುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ಅಲೈನ್‌ಮೆಂಟ್ ನೋಡಿಸಲೇಬೇಕು. ಗಾಡಿ ತಗ್ಗಿಸಲು ಸ್ಪ್ರಿಂಗ್ ಬದಲಾಯಿಸಿದವರಂತೂ ಆವತ್ತೇ ನೋಡಿಸಬೇಕು, ಎತ್ತರ ಕಮ್ಮಿಯಾದರೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ.

ಬೆಲೆ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಈ ಸೈಜ್ ಹುಬ್ಬಳ್ಳಿಯಲ್ಲಿ ನನಗೆ ತಕ್ಷಣ ಸಿಗಲಿಲ್ಲ, ಆರ್ಡರ್ ಕೊಟ್ಟು ತರಿಸಬೇಕಾಯಿತು. ತರಿಸಿದಾಗ ಟೈರಿನ ಪಕ್ಕದ ಗೋಡೆಯ ಮೇಲಿರುವ ತಯಾರಿಕೆಯ ನಾಲ್ಕು ಅಂಕಿ ನೋಡಿ, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನಾಲ್ಕೂ ಟೈರ್ ಒಂದೇ ವರ್ಷದ್ದು ಕೇಳಿ ತಗೊಳ್ಳಿ, ಫಿಟ್ಟಿಂಗ್ ಆಗುವ ಮುಂಚೆಯೇ.