ಆಸ್ಟರಿಸ್ಕ್‌ನಲ್ಲಿ ಬ್ಯುಸಿ ಸಿಗ್ನಲ್: ಹಲವು ಬೇಸಿಗೆ ಬಳಸಿದ ಮೇಲೆ

ಆಫೀಸಿನ ಫೋನ್ ಕರೆಗಳನ್ನು ನಡೆಸುವ ಸಾಫ್ಟ್‌ವೇರ್ ಆಸ್ಟರಿಸ್ಕ್ ಬಗ್ಗೆ ಬರೆಯುವವರೆಲ್ಲ ಐವಿಆರ್ (ಒಂದು ಒತ್ತಿ, ಎರಡು ಒತ್ತಿ ಅನ್ನುವ ಧ್ವನಿ), ಕಾಲ್ ರೆಕಾರ್ಡಿಂಗ್, ಕ್ಯೂ (ಕರೆಗಳನ್ನು ಸಾಲಾಗಿ ಕಾಯಿಸುವುದು) ಅಂತ ಬರೆಯುತ್ತಾರೆ. ನಾನು ಅದರ ಒಂದೇ ಒಂದು ಸಣ್ಣ ಕೆಲಸದ ಬಗ್ಗೆ ಬರೆಯುತ್ತೇನೆ. ಕರೆ ಮಾಡಿದವರಿಗೆ ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ಬ್ಯುಸಿ ಕೊಡುವುದು. ಇದಕ್ಕೂ ವಿಮರ್ಶೆ ಬೇಕಾ ಅನ್ನಿಸಬಹುದು. ಬೇಕು, ಯಾಕೆಂದರೆ ನಮ್ಮಲ್ಲಿ ಗಿರಾಕಿಗಳ ಸಿಟ್ಟು ಕಡಿಮೆಯಾಗಿದ್ದು ಹೊಸ ಐವಿಆರ್‌ನಿಂದ ಅಲ್ಲ, ಇದರಿಂದ.

ನಮ್ಮದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರಾಟ ಮತ್ತು ರಿಪೇರಿ. ಡೆಸ್ಕ್‌ನಲ್ಲಿ ನಾಲ್ಕು ಜನ, ಹಿಂದೆ ವರ್ಕ್‌ಶಾಪ್, ಮೇಲೆ ಲೆಕ್ಕದವರು. ಕಂಪ್ಯೂಟರ್, ಫೋನ್ ಎಲ್ಲ ನನ್ನ ತಲೆಗೆ. ಮಳೆಗಾಲದಲ್ಲಿ ಫೋನ್ ಸುಮ್ನೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಹಾಗಲ್ಲ. ಹಳ್ಳಿಗಳಿಗೆ ತ್ರೀ ಫೇಸ್ ಕರೆಂಟ್ ಬಿಟ್ಟ ಕೂಡಲೇ ಎಲ್ಲರೂ ಒಟ್ಟಿಗೆ ಮೋಟರ್ ಚಾಲೂ ಮಾಡುತ್ತಾರೆ, ಅದರಲ್ಲಿ ಸುಟ್ಟ ಮೋಟರ್, ಎತ್ತದ ಮೋಟರ್, ಹೊಡೆದ ಸ್ಟಾರ್ಟರ್ ಎಲ್ಲವೂ ಒಟ್ಟಿಗೇ ನಮಗೆ ಕರೆಯಾಗಿ ಬರುತ್ತವೆ. ಅರ್ಧ ಗಂಟೆ ಅಬ್ಬರ, ಆಮೇಲೆ ಏನೂ ಇಲ್ಲ. ಮತ್ತೆ ಮುಂದಿನ ಪಾಳಿಯ ಕರೆಂಟ್ ಬಂದಾಗ ಅದೇ ಕತೆ.

ಮೊದಲು ಎಲ್ಲ ಕರೆಗಳನ್ನೂ ಕ್ಯೂಗೆ ಬಿಡುತ್ತಿದ್ದೆವು. ಮೆಷಿನ್ ಎತ್ತುತ್ತಿತ್ತು, ಹಾಡು ಶುರುವಾಗುತ್ತಿತ್ತು, ಅಷ್ಟೇ. ಕಲಘಟಗಿ ಕಡೆಯ ರೈತರೊಬ್ಬರು ಅಂಗಡಿಗೇ ಬಂದು ಕೇಳಿದರು: "ಏನ್ರಿ, ಫೋನ್ ಎತ್ತಿ ಹಾಡ ಹಚ್ಚಿ ಕುಂದರಸ್ತೀರಲ್ರಿ. ಈಗ ಆಗಂಗಿಲ್ಲ ಅಂದಬಿಡ್ರಿ, ನಾ ಆಮ್ಯಾಲೆ ಮಾಡ್ತೇನಿ." ಅವರು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿಲ್ಲ. ಬಿಸಿಲಲ್ಲಿ ಬಾವಿ ಕಟ್ಟೆ ಮೇಲೆ ನಿಂತವರಿಗೆ "ನಿಮ್ಮ ಕರೆ ನಮಗೆ ಮುಖ್ಯ" ಎಂದು ಕೇಳಿಸುವುದಕ್ಕಿಂತ ಬ್ಯುಸಿ ಟೋನ್ ಎಷ್ಟೋ ಮರ್ಯಾದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಆಸ್ಟರಿಸ್ಕ್ ಅನ್ನು 1999ರಲ್ಲಿ ಮಾರ್ಕ್ ಸ್ಪೆನ್ಸರ್ ಅಮೆರಿಕದಲ್ಲಿ ಬರೆದರು. ಸಾಮಾನ್ಯ ಲಿನಕ್ಸ್ ಕಂಪ್ಯೂಟರನ್ನೇ ಆಫೀಸಿನ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್ ಇದು. ಉಚಿತ, ಮುಕ್ತ. ಅದರ ಡಿಜಿಯಂ ಕಂಪನಿಯನ್ನು 2018ರಲ್ಲಿ ಸಂಗೋಮಾ ಕೊಂಡುಕೊಂಡಿತು. ಬರೀ ಆಸ್ಟರಿಸ್ಕ್ ಅಂದರೆ ಕಪ್ಪು ಪರದೆ, ಫೈಲ್‌ಗಳು. ಅದರ ಮೇಲೆ ಬ್ರೌಸರ್‌ನಲ್ಲಿ ನಡೆಸುವ ಮುಖವೇ ಫ್ರೀಪಿಬಿಎಕ್ಸ್. ನಾವು ಎರಡನ್ನೂ ಬಳಸುತ್ತೇವೆ.

ಫ್ರೀಪಿಬಿಎಕ್ಸ್‌ನಲ್ಲಿ ಕರೆಯನ್ನು ಕೊನೆಗೆ ಎಲ್ಲಿಗೆ ಕಳಿಸಬೇಕು ಅಂತ ಆರಿಸುವಾಗ "ಟರ್ಮಿನೇಟ್ ಕಾಲ್" ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ಹ್ಯಾಂಗಪ್, ಕಂಜೆಶನ್, ಬ್ಯುಸಿ ಎಲ್ಲ ಇವೆ. ಕರೆ ಮಾಡಿದವರನ್ನು ಶಾಶ್ವತವಾಗಿ ಹೋಲ್ಡ್‌ನಲ್ಲಿಡುವ ಆಯ್ಕೆಯೂ ಇದೆ, ಯಾರ ಮೇಲಿನ ಸಿಟ್ಟಿಗೆ ಇಟ್ಟಿದ್ದಾರೋ. ಆದರೆ "ಡೆಸ್ಕ್‌ನಲ್ಲಿ ಇಷ್ಟು ಕರೆ ಇದ್ದರೆ ಮಾತ್ರ ಬ್ಯುಸಿ ಕೊಡು, ಕೊಟ್ಟವರ ನಂಬರ್ ಬರೆದಿಡು" ಅನ್ನೋದು ಮೌಸ್ ಒತ್ತಿ ಮಾಡುವ ಕೆಲಸವಲ್ಲ. ಅದಕ್ಕೆ ಡಯಲ್‌ಪ್ಲಾನ್, ಅಂದರೆ ಬಂದ ಕರೆಯನ್ನು ಏನು ಮಾಡಬೇಕು ಅನ್ನುವ ಸಾಲುಗಳನ್ನು, ಬರೆಯಲೇಬೇಕು. ಅದನ್ನು ಎಕ್ಸ್‌ಟೆನ್ಷನ್ಸ್ ಕಸ್ಟಮ್ ಫೈಲ್‌ನಲ್ಲೇ ಬರೆಯಿರಿ. ಪಕ್ಕದ ಎಕ್ಸ್‌ಟೆನ್ಷನ್ಸ್ ಅಡಿಷನಲ್ ಫೈಲ್‌ನಲ್ಲಿ ಬರೆದರೆ, ಯಾರಾದರೂ ಮುಂದಿನ ಸಲ "ಅಪ್ಲೈ ಕಾನ್ಫಿಗ್" ಒತ್ತಿದಾಗ ಎಲ್ಲ ಅಳಿಸಿಹೋಗುತ್ತದೆ.

ನಮ್ಮ ಸ್ಕ್ರಿಪ್ಟ್ ಒಂದು ಕೈಬೆರಳಲ್ಲಿ ಎಣಿಸುವಷ್ಟು ಸಾಲು. ಕರೆ ಬಂದ ಕೂಡಲೇ ಅದಕ್ಕೆ ಗ್ರೂಪ್ ಫಂಕ್ಷನ್‌ನಿಂದ "ಡೆಸ್ಕ್" ಎಂಬ ಚೀಟಿ ಅಂಟಿಸುತ್ತೇವೆ. ಗ್ರೂಪ್ ಕೌಂಟ್ ಕೇಳಿದರೆ ಆ ಚೀಟಿ ಇರುವ ಕರೆಗಳು ಈಗ ಎಷ್ಟಿವೆ ಅಂತ ಗೊತ್ತಾಗುತ್ತದೆ. ಮಾತಾಡುವವರು ನಾಲ್ಕು, ಕಾಯಲು ಎರಡು. ಲೆಕ್ಕ ಆರು ದಾಟಿತೋ, ಬ್ಯುಸಿ. ಇಲ್ಲದಿದ್ದರೆ ಕ್ಯೂ. ಕರೆ ಮುಗಿದಾಗ ಚೀಟಿ ತಾನಾಗೇ ಹೋಗುತ್ತದೆ, ನಾವು ಲೆಕ್ಕ ಇಳಿಸಬೇಕಾಗಿಲ್ಲ. ಆಸ್ಟರಿಸ್ಕ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಇದರಲ್ಲೂ ಒಂದು ಕೊಕ್ಕೆ ಇದೆ. ಡೆಸ್ಕ್‌ನವರು ಕರೆಯನ್ನು ವರ್ಕ್‌ಶಾಪ್‌ಗೆ ಕೊಟ್ಟರೂ ಕರೆ ಮಾಡಿದವರ ಮೇಲಿನ ಚೀಟಿ ಹಾಗೇ ಇರುತ್ತದೆ. ಮೇಸ್ತ್ರಿ ವೈಂಡಿಂಗ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರೆ ಅಷ್ಟು ಹೊತ್ತೂ ಡೆಸ್ಕ್‌ನ ಒಂದು ಜಾಗ ಹೋದ ಹಾಗೆ. ನೇರವಾಗಿ ದಾಟಿಸಿದ ಕರೆಗೆ ಪರಿಹಾರ ಸುಲಭ: ವರ್ಕ್‌ಶಾಪ್ ಎಕ್ಸ್‌ಟೆನ್ಷನ್‌ನ ಡಯಲ್‌ಪ್ಲಾನ್‌ನಲ್ಲಿ ಚೀಟಿ ಬದಲಿಸಿ. ಆದರೆ "ಮೇಸ್ತ್ರಿ, ಒಂದ್ ಕಾಲ್ ಐತಿ, ಕೊಡ್ಲಾ?" ಅಂತ ಮೊದಲು ಕೇಳಿ, ಆಮೇಲೆ ಜೋಡಿಸುವ ಟ್ರಾನ್ಸ್‌ಫರ್‌ನಲ್ಲಿ ಗಿರಾಕಿಯ ಕರೆ ಆ ಸಾಲುಗಳನ್ನು ಮುಟ್ಟುವುದೇ ಇಲ್ಲ. ಅದಕ್ಕೇ ನಮ್ಮಲ್ಲಿ ಬೇಸಿಗೆಯಲ್ಲಿ ಕೇಳದೆ ದಾಟಿಸಿ ಅಂತ ಹೇಳಿಬಿಟ್ಟಿದ್ದೇವೆ. ಮೇಸ್ತ್ರಿ ಗೊಣಗುತ್ತಾರೆ, ಗೊಣಗಲಿ.

ಈಗ ಮುಖ್ಯ ವಿಷಯ. ಬ್ಯುಸಿ ಕೊಡುವುದಾದರೆ ಕರೆ ಎತ್ತುವ ಮುಂಚೆಯೇ ಕೊಡಬೇಕು. ಎತ್ತುವ ಮುಂಚೆ ಬ್ಯುಸಿ ಅಂದರೆ ಆಸ್ಟರಿಸ್ಕ್ ಟ್ರಂಕ್‌ಗೆ (ಫೋನ್ ಕಂಪನಿಯಿಂದ ನಮಗೆ ಕರೆ ತರುವ ಲೈನ್) 486 ಎಂಬ ಉತ್ತರ ಕಳಿಸುತ್ತದೆ, ಕರೆ ಅಲ್ಲೇ ಮುಗಿಯುತ್ತದೆ, ಮೊಬೈಲ್‌ನಿಂದ ಮಾಡಿದವರಿಗೆ ಅವರ ಕಂಪನಿಯೇ "ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ" ಎಂದು ಕನ್ನಡದಲ್ಲಿ ಹೇಳುತ್ತದೆ. ಒಮ್ಮೆ ಎತ್ತಿದ ಮೇಲೆ ಆ ಬಾಗಿಲು ಮುಚ್ಚಿತು. ಆಮೇಲೆ ಬ್ಯುಸಿ ಅಂದರೆ ಆಸ್ಟರಿಸ್ಕ್ ಬರೀ ಆ ಸದ್ದನ್ನು ಕೇಳಿಸುತ್ತದೆ. ಲೈನ್ ಮಾತ್ರ ಜೋಡಣೆಯಲ್ಲೇ ಇರುತ್ತದೆ. ನಿಮ್ಮದು 1800 ನಂಬರ್ ಆಗಿದ್ದರೆ ಆ ಟೂಂ ಟೂಂ ಸದ್ದಿಗೂ ದುಡ್ಡು ನಿಮ್ಮದೇ. ಹಾಗಾಗಿ ಐವಿಆರ್ ಆದ ಮೇಲೆ ಬ್ಯುಸಿ ಇಡುವುದಕ್ಕೆ ಅರ್ಥವಿಲ್ಲ. ಕ್ಯೂ, ಐವಿಆರ್, ಸ್ವಾಗತದ ಮಾತು ಏನೇ ಇರಲಿ, ಎಣಿಸುವ ಸಾಲು ಅವೆಲ್ಲಕ್ಕಿಂತ ಮುಂಚೆ ಬರಬೇಕು. ಎಲ್ಲೋ ಒಂದು ಕಡೆ ಎತ್ತಿದ ಮೇಲೆ ಕೊಡಲೇಬೇಕಾಗಿ ಬಂದರೆ ಬ್ಯುಸಿ ಮುಂದಿನ ಬ್ರಾಕೆಟ್‌ನಲ್ಲಿ 5 ಅಂತಲೋ 10 ಅಂತಲೋ ಸೆಕೆಂಡ್ ಹಾಕಿ. ಖಾಲಿ ಬಿಟ್ಟರೆ ಕರೆ ಮಾಡಿದವರು ಇಡುವ ತನಕ ಅದು ಕಾಯುತ್ತಾ ಕೂರುತ್ತದೆ. ಫೋನ್ ಜೇಬಿಗೆ ಹಾಕಿಕೊಂಡು ಹೋದವರ ಕರೆ ಒಂದು ಚಾನೆಲ್ ತಿನ್ನುತ್ತಲೇ ಇರುತ್ತದೆ.

ಇದೇ ಕಾರಣಕ್ಕೆ ನಾವು ನೋಡಿದ ಒಂದು ಕ್ಲೌಡ್ ಫೋನ್ ಸೇವೆಯನ್ನು ಬಿಟ್ಟೆವು. ಚೆನ್ನಾಗೇ ಇತ್ತು, ಆಪ್ ಚಂದ. ಆದರೆ ಕರೆ ಬಂದ ಕೂಡಲೇ ಅವರ ಮೆಷಿನ್ ಎತ್ತುತ್ತಿತ್ತು, ಎತ್ತಬೇಡ ಅನ್ನಲು ದಾರಿಯೇ ಇರಲಿಲ್ಲ.

ಬ್ಯುಸಿ ಬೇರೆ, ಕಂಜೆಶನ್ ಬೇರೆ. ಎರಡೂ "ಇಲ್ಲ" ಅನ್ನುವ ಉತ್ತರಗಳೇ, ಆದರೆ ಆ ಕಡೆಯವರು ಬೇರೆ ಬೇರೆ ಥರ ಅರ್ಥ ಮಾಡಿಕೊಳ್ಳುತ್ತಾರೆ. ಕರೆ ಯಾಕೆ ಮುಗಿಯಿತು ಅನ್ನಲು ಫೋನ್ ಜಾಲದಲ್ಲಿ ಕಾರಣಗಳಿಗೆ ನಂಬರ್ ಇವೆ; ಬ್ಯುಸಿ ಅಂದರೆ ಕಾರಣ 17, ಬೇಕಾದವರು ಬೇರೆ ಕರೆಯಲ್ಲಿದ್ದಾರೆ ಅಂತ. ಕಂಜೆಶನ್ ಅಂದರೆ ದಾರಿಯೇ ತುಂಬಿದೆ ಅಂತ, ಟ್ರಂಕ್‌ಗೆ 486ರ ಬದಲು 503 ಹೋಗುತ್ತದೆ. 503 ಕಂಡರೆ ಕೆಲವು ಟ್ರಂಕ್‌ಗಳು "ಈ ದಾರಿ ಬೇಡ, ಇನ್ನೊಂದು ದಾರಿ ನೋಡೋಣ" ಅಂತ ಅದೇ ಕರೆಯನ್ನು ಮತ್ತೆ ನಿಮ್ಮ ಬಾಗಿಲಿಗೇ ತರುತ್ತವೆ. ಆದ್ದರಿಂದ ಜನ ಬ್ಯುಸಿ ಇದ್ದರೆ ಬ್ಯುಸಿ ಅಂತಲೇ ಹೇಳಿ. 140ರಿಂದ ಶುರುವಾಗುವ ಜಾಹೀರಾತು ಕರೆಗಳಿಗೆ ಮಾತ್ರ ನಾನು ಎರಡನ್ನೂ ಕೊಡುವುದಿಲ್ಲ. ಬ್ಯುಸಿ ಅಂದರೆ ಆಟೋ ಡಯಲರ್‌ಗೆ ಇಲ್ಲಿ ಯಾರೋ ಇದ್ದಾರೆ, ಮತ್ತೆ ಪ್ರಯತ್ನಿಸು ಅಂತ ಹೇಳಿದ ಹಾಗೆ. ಅವಕ್ಕೆ ಹ್ಯಾಂಗಪ್, ಕಾರಣ 1. ಅಂದರೆ ಇಂಥ ನಂಬರೇ ಇಲ್ಲ. ಸುಳ್ಳು ನಿಜ, ಆದರೆ ಸಾಲ ಬೇಕಾ ಸರ್ ಅಂತ ನಡುಬೇಸಿಗೆಯಲ್ಲಿ ಡೆಸ್ಕ್ ಲೈನ್ ಹಿಡಿಯುವವರಿಗೆ ಅಷ್ಟು ಸುಳ್ಳು ಹೇಳಬಹುದು ಅಲ್ವಾ.

ಇಷ್ಟೆಲ್ಲ ಸರಿಯಾಗಿ ಬರೆದರೂ ನಿಮ್ಮ ಕೈಯಲ್ಲಿ ಇಲ್ಲದ ಒಂದು ಕೊಂಡಿ ಉಳಿಯುತ್ತದೆ, ಟ್ರಂಕ್ ಕೊಟ್ಟವರು. ನಮ್ಮ ಹಿಂದಿನ ಟ್ರಂಕ್‌ನವರ ಹೆಸರು ಬೇಡ. ನಾವು ಬ್ಯುಸಿ ಅಂದರೆ ಗಿರಾಕಿಗೆ "ಸ್ವಿಚ್ಡ್ ಆಫ್ ಆಗಿದೆ" ಎಂದು ಕೇಳಿಸುತ್ತಿತ್ತು. ಅಂಗಡಿ ಮುಚ್ಚಿದಿರಾ ಅಂತ ಜನ ಸಾವ್ಕಾರರ ಸ್ವಂತ ನಂಬರಿಗೆ ಫೋನ್ ಮಾಡಿದರು. ಸಾವ್ಕಾರರು ಸೀದಾ ನನ್ನ ಟೇಬಲ್‌ಗೆ ಬಂದರು. ಆಸ್ಟರಿಸ್ಕ್‌ನಲ್ಲಿ ಪಿಜೆಸಿಪ್ ಲಾಗರ್ (ಟ್ರಂಕ್ ಜೊತೆ ಹೋಗಿಬರುವ ಸಂದೇಶಗಳನ್ನು ತೋರಿಸುವುದು) ಹಚ್ಚಿ ನೋಡಿದರೆ ನಮ್ಮಿಂದ 486 ನೀಟಾಗಿ ಹೋಗುತ್ತಿದೆ, ಆಚೆಯಿಂದ ಅದಕ್ಕೆ ಒಪ್ಪಿಗೆಯೂ ಬಂದಿದೆ. ಆಮೇಲೆ ಅದನ್ನು ಅವರು ಏನು ಮಾಡಿದರೋ. ಲಾಗ್ ಕಳಿಸಿ ಕೇಳಿದರೆ "ನಿಮ್ಮ ಸಿಸ್ಟಂ ರೀಸ್ಟಾರ್ಟ್ ಮಾಡಿ" ಅನ್ನುವ ಉತ್ತರ ಬಂತು. ಕೊನೆಗೆ ಟ್ರಂಕ್ ಬದಲಿಸಿದೆವು, ಸ್ಕ್ರಿಪ್ಟ್‌ನಲ್ಲಿ ಒಂದು ಚುಕ್ಕಿಯೂ ಬದಲಾಗಲಿಲ್ಲ, ಬ್ಯುಸಿ ಬ್ಯುಸಿಯಾಗೇ ಕೇಳಿಸಿತು.

ಟೇಬಲ್ ಮೇಲಿನ ಐಪಿ ಫೋನ್‌ಗಳೂ ಇದರಲ್ಲಿ ಕೈ ಆಡಿಸುತ್ತವೆ. ಸಿಸ್ಟಂನಲ್ಲಿ *71 ಒತ್ತಿ ಕಾಲ್ ವೇಟಿಂಗ್ ಆಫ್ ಮಾಡಬಹುದು, ಆದರೆ ಫೋನ್‌ನ ಒಳಗೂ ಅದರದ್ದೇ ಕಾಲ್ ವೇಟಿಂಗ್ ಇರುತ್ತದೆ. ಕ್ಯೂನಲ್ಲಿ "ಸ್ಕಿಪ್ ಬ್ಯುಸಿ ಏಜೆಂಟ್ಸ್" ಅನ್ನೋದು ಇನ್ನೊಂದು. ಮೂರನ್ನೂ ನೋಡಿಕೊಳ್ಳಿ. ಇಲ್ಲದಿದ್ದರೆ ಡೆಸ್ಕ್‌ನ ಅಕ್ಕ ಒಬ್ಬರ ಜೊತೆ ಮಾತಾಡುತ್ತಿರುವಾಗಲೇ ಕಿವಿಯಲ್ಲಿ ಬೀಪ್ ಬೀಪ್ ಅನ್ನುತ್ತದೆ.

ಸದ್ದಿನ ಬಗ್ಗೆಯೂ ಒಂದು ಮಾತು. ಆಸ್ಟರಿಸ್ಕ್ ತಾನೇ ಟೋನ್ ಕೇಳಿಸಬೇಕಾದ ಕಡೆ ಯಾವ ದೇಶದ ಟೋನ್ ಅಂತ ಇಂಡಿಕೇಶನ್ಸ್ ಫೈಲ್‌ನಿಂದ ತೆಗೆದುಕೊಳ್ಳುತ್ತದೆ. ಅಮೆರಿಕದ ಬ್ಯುಸಿ ಟೋನ್ ಅಂದರೆ 480 ಮತ್ತು 620 ಹರ್ಟ್ಸ್ ಸೇರಿಸಿ, ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ. ನಮ್ಮದು ಒಂದೇ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ದೇಶವನ್ನು ಇಂಡಿಯಾ ಅಂತ ಬದಲಿಸಿ. ಎಸ್‌ಟಿಡಿ ಬೂತ್ ಕಾಲದ ಜನಕ್ಕೆ ಆ ನಿಧಾನದ ಟೂಂ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಸಾವ್ಕಾರರಿಗೆ ಶುರುವಿನಲ್ಲಿ ಬ್ಯುಸಿ ಅಂದರೇ ಆಗುತ್ತಿರಲಿಲ್ಲ. "ಗಿರಾಕಿನ್ನ ಬಾಗ್ಲಾಗಿಂದ ವಾಪಸ್ ಕಳಿಸಿದಂಗ ಆತಲ್ಲೋ ತಮ್ಮಾ" ಅಂತ. ಅವರನ್ನು ಒಪ್ಪಿಸಿದ್ದು ಒಂದು ಫೈಲ್. ಬ್ಯುಸಿ ಕೊಡುವ ಮುಂಚೆ ಸ್ಕ್ರಿಪ್ಟ್ ಆ ನಂಬರ್ ಮತ್ತು ಹೊತ್ತನ್ನು ಬರೆದಿಡುತ್ತದೆ. ಅಬ್ಬರ ಇಳಿದ ಮೇಲೆ ಡೆಸ್ಕ್‌ನವರು ಆ ಪಟ್ಟಿ ಹಿಡಿದು ತಾವೇ ಫೋನ್ ಮಾಡುತ್ತಾರೆ. ಮಿಸ್ಡ್ ಕಾಲ್ ಕೊಟ್ಟು ಬೆಳೆದ ಊರಿದು, ವಾಪಸ್ ಫೋನ್ ಬಂದರೆ ಯಾರಿಗೂ ಬೇಸರವಿಲ್ಲ. ಇದನ್ನು ನೀವೂ ಮಾಡುವುದಾದರೆ, ಬಂದ ನಂಬರನ್ನು ಫಿಲ್ಟರ್ ಫಂಕ್ಷನ್‌ನಲ್ಲಿ ಹಾಯಿಸಿ ಅಂಕಿ ಮಾತ್ರ ಉಳಿಸಿಕೊಂಡು ಆಮೇಲೆ ಸಿಸ್ಟಂ ಕಮಾಂಡ್‌ಗೆ ಕೊಡಿ. ಕಾಲರ್ ಐಡಿ ಜಾಗದಲ್ಲಿ ಏನನ್ನು ಬೇಕಾದರೂ ತುಂಬಿ ಕಳಿಸುವವರಿದ್ದಾರೆ. ಅದನ್ನು ಹಾಗೇ ಶೆಲ್‌ಗೆ, ಅಂದರೆ ಲಿನಕ್ಸ್‌ನಲ್ಲಿ ಕಮಾಂಡ್ ನಡೆಸುವ ಕಡೆಗೆ, ಕೊಟ್ಟರೆ ನಿಮ್ಮ ಸರ್ವರ್ ಅವರದಾಗುತ್ತದೆ.

ಇಷ್ಟು ಕಾಲ ಬಳಸಿದ ಮೇಲೆ ದೂರು ಇರುವುದು ಅಪ್‌ಗ್ರೇಡ್ ಬಗ್ಗೆ. ಫೋನ್, ಟ್ರಂಕ್‌ಗಳ ಜೊತೆ ಮಾತಾಡುವ ಆಸ್ಟರಿಸ್ಕ್‌ನ ಹಳೆಯ ಭಾಗ ಚಾನ್ ಸಿಪ್‌ನಲ್ಲಿ ಕಾಲ್ ಲಿಮಿಟ್ ಎಂಬ ಒಂದೇ ಸೆಟ್ಟಿಂಗ್ ಇತ್ತು, ಇಷ್ಟು ಕರೆ ಮೀರಿದರೆ ಬೇಡ ಅನ್ನಲು ಅದು ಸಾಕಿತ್ತು. 2023ರಲ್ಲಿ ಬಂದ ಆಸ್ಟರಿಸ್ಕ್ 21ರಲ್ಲಿ ಚಾನ್ ಸಿಪ್ ಅನ್ನೇ ತೆಗೆದರು. ಅದರ ಜಾಗಕ್ಕೆ ಬಂದ ಪಿಜೆಸಿಪ್‌ನಲ್ಲಿ ಆ ಸೆಟ್ಟಿಂಗ್ ಇಲ್ಲ. ಹೆಸರು ಕೇಳಿದರೆ ಹಾಗೇ ಅನ್ನಿಸುವ "ಡಿವೈಸ್ ಸ್ಟೇಟ್ ಬ್ಯುಸಿ ಅಟ್" ಒಂದಿದೆ, ಆದರೆ ಅದು ಫೋನ್‌ನ ಸ್ಥಿತಿಯನ್ನು ಬ್ಯುಸಿ ಅಂತ ತೋರಿಸುತ್ತದೆಯೇ ಹೊರತು ಕರೆಯನ್ನು ತಡೆಯುವುದಿಲ್ಲ. ಅದೇ 21ರಲ್ಲಿ, ಒಮ್ಮೆ ಬರೆದ ಸಾಲುಗಳನ್ನು ಮತ್ತೆ ಮತ್ತೆ ಬಳಸಲು ಇದ್ದ ಮ್ಯಾಕ್ರೋ ಕೂಡ ಹೋಯಿತು, ಅದರ ಬದಲು ಈಗ ಗೋಸಬ್. ಹಳೆಯ ಪಾಠಗಳನ್ನು ನೋಡಿ ಬರೆದ ಸ್ಕ್ರಿಪ್ಟ್‌ಗಳು ಅಲ್ಲಿ ನಿಲ್ಲುತ್ತವೆ. ಹಳೆಯ ಫ್ರೀಪಿಬಿಎಕ್ಸ್ ಕೂತಿದ್ದ ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಗಡುವು 2024ರ ಜೂನ್‌ಗೆ ಮುಗಿದಿದ್ದರಿಂದ ಫ್ರೀಪಿಬಿಎಕ್ಸ್ 17ಕ್ಕೆ, ಅಂದರೆ ಡೆಬಿಯನ್ 12 ಎಂಬ ಲಿನಕ್ಸ್‌ಗೆ, ನಾವೂ ಹೋಗಬೇಕಾಯಿತು. ಗ್ರೂಪ್ ಕೌಂಟ್‌ನ ಸಾಲುಗಳು ಮಾತ್ರ ತಂಟೆಯಿಲ್ಲದೆ ಬಂದವು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಲೈನ್, ಎರಡು ಫೋನ್ ಇರುವ ಅಂಗಡಿಗೆ ಇದು ಬೇಡ, ಮೊಬೈಲ್ ಸಾಕು. ಫೈಲ್ ತೆರೆದು ಓದಲು ಭಯಪಡುವವರೊಬ್ಬರೇ ಆಫೀಸಿನಲ್ಲಿದ್ದರೂ ಬೇಡ. ಹಾಕಿಸುವುದಾದರೆ ಪರೀಕ್ಷೆ ಒಂದೇ ಫೋನ್‌ನಿಂದ ಮಾಡಬೇಡಿ. ಎರಡು ಬೇರೆ ಕಂಪನಿಯ ಮೊಬೈಲ್, ಸಿಕ್ಕರೆ ಒಂದು ಲ್ಯಾಂಡ್‌ಲೈನ್ ಹಿಡಿದು, ಡೆಸ್ಕ್ ತುಂಬಿಸಿ, ಮೂರರಲ್ಲೂ ಏನು ಕೇಳಿಸುತ್ತದೆ ಅಂತ ಕಿವಿಯಾರೆ ಕೇಳಿ. ನಾವು ಅದನ್ನು ಪ್ರತಿ ವರ್ಷ ಬಿಸಿಲು ಏರುವ ಮುಂಚೆ ಮಾಡುತ್ತೇವೆ, ಟ್ರಂಕ್‌ನವರು ತಮ್ಮ ಕಡೆ ಏನಾದರೂ ಬದಲಿಸಿದ್ದರೆ ನಮಗೆ ಹೇಳುವ ಅಭ್ಯಾಸ ಅವರಿಗಿಲ್ಲ.